ಎಡಗಡೆಯ ಮುಖ

ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಎರಡು ನಿಲ್ದಾಣ ಹೇಗೋ ತಡೆದುಕೊಂಡಳು. ಆಮೇಲೆ ಅವಳ ಬಾಯಿ ಅವಳ ಮಾತು ಕೇಳಲಿಲ್ಲ.

"ತಪ್ಪು ತಿಳ್ಕೋಬೇಡಿ. ಆ ಮಾತ್ರೆ ಡಬ್ಬಿ ಮೇಲೆ ಇರೋರು ನೀವೇ ಅಲ್ವಾ?"

"ಹೂಂ," ಎಂದಳು ದೊಡ್ಡವಳು. ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿಕೊಂಡಿದ್ದ ಬಟ್ಟೆಯ ಚೀಲ ಜಾರದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಂದ್ಕೊಂಡೆ! ಅಯ್ಯೋ, ಕೆನ್ನೆ ತುಂಬಾ ಮತ್ತೆ ಬಂದ್ಬಿಟ್ಟಿದೆಯಲ್ರೀ. ಮಧ್ಯದಲ್ಲಿ ಬಿಟ್ಬಿಟ್ರಾ?"

"ಬಿಟ್ಬಿಟ್ಟೆ."

"ಬಿಡಬಾರದಿತ್ತು. ನಮ್ಮ ಓರಗಿತ್ತಿನೂ ಹೀಗೇ, ನಾಲ್ಕು ದಿನ ನುಂಗೋದು, ನಾಲ್ಕು ದಿನ ಮರೆಯೋದು. ಆಮೇಲೆ ಮಾತ್ರೆ ಸರಿಯಿಲ್ಲ ಅಂತ ಬೈಯೋದು. ಹೋಗ್ಲಿ, ಮತ್ತೆ ಶುರು ಮಾಡಿ."

"ಮಾಡ್ತೀನಿ," ಎಂದು ದೊಡ್ಡವಳು ಕಿಟಕಿಯ ಕಡೆ ತಿರುಗಿದಳು.

ವರ್ಷಗಳಿಂದ ಅವಳು ಇದೇ ಉತ್ತರ ಕೊಡುತ್ತ ಬಂದಿದ್ದಳು. ಮೊದಮೊದಲು "ಅದು ನಾನಲ್ಲ" ಎಂದು ಹೇಳಿ ನೋಡಿದ್ದಳು. ಜನ ಬಿಡಬೇಕಲ್ಲ? ಡಬ್ಬಿಯನ್ನೇ ಚೀಲದಿಂದ ತೆಗೆದು ಅವಳ ಮುಖದ ಪಕ್ಕ ಹಿಡಿದು, ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂಬಂತೆ ಹುಬ್ಬು ಹಾರಿಸುತ್ತಿದ್ದರು. ಕೊನೆಗೆ "ಬಿಟ್ಬಿಟ್ಟೆ" ಎನ್ನುವುದೇ ಸುಲಭವೆಂದು ಕಂಡುಕೊಂಡಳು. ಆ ಉತ್ತರದಿಂದ ಕೇಳಿದವರಿಗೂ ಸಂತೋಷ. ಬುದ್ಧಿ ಹೇಳುವುದಕ್ಕೆ ಒಬ್ಬರು ಸಿಕ್ಕಿದರೆ ಯಾರಿಗೆ ತಾನೇ ಬೇಡ?

ಆ ಡಬ್ಬಿಯ ಮೇಲೆ ಎರಡು ಮುಖಗಳಿವೆ. ಎಡಗಡೆಯದರ ಕೆಳಗೆ 'ಮೊದಲು' ಎಂದು ಬರೆದಿದೆ. ಎರಡು ಕೆನ್ನೆಗೂ ಹಣೆಗೂ ಚಹಾ ಚೆಲ್ಲಿದ ಹಾಗೆ ಬಂಗು. ಬಲಗಡೆಯದರ ಕೆಳಗೆ 'ಈಗ' ಎಂದಿದೆ. ತೊಳೆದಿಟ್ಟ ತಟ್ಟೆಯಂಥ ಮುಖ. ನಡುವೆ ಒಂದು ಚಿನ್ನದ ಬಣ್ಣದ ಮಾತ್ರೆ, ಅದರ ಮೇಲೆ 'ಹೊಳಪು ಒಳಗಿನಿಂದ' ಎಂಬ ಅಕ್ಷರಗಳು. ಅದೇ ಮೂಗು, ಅದೇ ತೆಳು ಮೇಲ್ತುಟಿ, ಬಾಚಿದರೂ ಬಗ್ಗದ ಅದೇ ಮುಂಗೂದಲು. ನೋಡಿದವರೆಲ್ಲ ಒಬ್ಬಳೇ ಹೆಂಗಸು ಎನ್ನುತ್ತಾರೆ. ಒಬ್ಬಳಲ್ಲ, ಇಬ್ಬರು. ಒಂದೇ ಬಸಿರಿನಲ್ಲಿ ಹಿಂದೆಮುಂದೆ ಹುಟ್ಟಿದ ಅವಳಿಗಳು. ಮೊದಲು ಹುಟ್ಟಿದ ತಪ್ಪಿಗೆ ಇವಳು ಮನೆಯಲ್ಲಿ ದೊಡ್ಡವಳಾದಳು, ಅವಳು ಚಿಕ್ಕವಳಾದಳು.

ಇವತ್ತು ಚಿಕ್ಕವಳ ಮಗಳ ಮದುವೆ. ದೊಡ್ಡವಳ ತೊಡೆಯ ಮೇಲಿದ್ದುದು ಮದುಮಗಳ ಬಟ್ಟೆ. ಇಸ್ತ್ರಿ ಮಾಡಿ, ಮಡಿಕೆ ಬೀಳದ ಹಾಗೆ ಉದ್ದಕ್ಕೆ ಚೀಲದಲ್ಲಿಟ್ಟು, ಅವಳೇ ಒಯ್ಯುತ್ತಿದ್ದಳು. ಮದುವೆಗೆ ಕರೆ ಬಂದದ್ದು ಆ ಬಟ್ಟೆಗೆ, ಅವಳಿಗಲ್ಲ.

ದೊಡ್ಡವಳದು ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಹಬೆಯ ಯಂತ್ರದ ಮುಂದೆ ಬಗ್ಗಿ ನಿಂತರೆ ಮಧ್ಯಾಹ್ನದ ಊಟಕ್ಕೇ ತಲೆ ಎತ್ತುವುದು. ಮೂವತ್ತು ದಾಟುವಷ್ಟರಲ್ಲಿ ಬಂಗು ಬಂತು. ಮೊದಲು ಮೂಗಿನ ಪಕ್ಕ, ಆಮೇಲೆ ಕೆನ್ನೆ, ಆಮೇಲೆ ಹಣೆ. "ಹಬೆ ಬಟ್ಟೆಯ ಸುಕ್ಕು ತೆಗೆದು ನಿನ್ನ ಮುಖದಲ್ಲಿ ಕಲೆ ಇಟ್ಟಿತು ನೋಡು," ಎಂದು ಲಾಂಡ್ರಿಯ ಯಜಮಾನ ತಮಾಷೆ ಮಾಡುತ್ತಿದ್ದ. ಚಿಕ್ಕವಳು ಕನ್ನಡಕದ ಅಂಗಡಿಯಲ್ಲಿ ತಣ್ಣಗೆ ಗಾಜಿನ ಮೇಜಿನ ಹಿಂದೆ ಕೂರುವವಳು. ಅವಳ ಮುಖದ ಮೇಲೆ ಒಂದು ನೊಣ ಕೂತ ಗುರುತೂ ಇರಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಇದರಲ್ಲಿ ಯಾರ ತಪ್ಪೂ ಇಲ್ಲ, ಯಾರ ಹೆಚ್ಚುಗಾರಿಕೆಯೂ ಇಲ್ಲ.

ಒಂದು ದಿನ ಒಬ್ಬ ಮನುಷ್ಯ ಕನ್ನಡಕ ಕೊಂಡು, ಅಲ್ಲಿಂದ ನೇರ ಲಾಂಡ್ರಿಗೆ ಕೋಟು ತೆಗೆದುಕೊಳ್ಳಲು ಬಂದ. ಹೊಸ ಕನ್ನಡಕದಲ್ಲಿ ದೊಡ್ಡವಳನ್ನು ನೋಡಿದವನೇ ಬೆಚ್ಚಿಬಿದ್ದ. "ಅಮ್ಮಾ, ಈಗ ತಾನೇ ಚೆನ್ನಾಗಿದ್ರಲ್ಲ, ಇಷ್ಟರಲ್ಲಿ ಮುಖಕ್ಕೆ ಏನಾಯ್ತು?" ಎಂದ. ಯಜಮಾನನೂ ದೊಡ್ಡವಳೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ನಗಲಿಲ್ಲ. ಅವನು ಮುಖ ಬೆಳಗುವ ಮಾತ್ರೆಯ ಕಂಪನಿಯೊಂದನ್ನು ಶುರು ಮಾಡುವ ಹವಣಿಕೆಯಲ್ಲಿದ್ದ. ಅವನ ತಲೆಯಲ್ಲಿ ಆಗಲೇ ಲೆಕ್ಕ ಓಡುತ್ತಿತ್ತು. ಅಕ್ಕತಂಗಿಯರು ಅವನನ್ನು ಆಮೇಲೆ 'ಡಬ್ಬಿಯವನು' ಎಂದೇ ಕರೆದರು.

ಫೋಟೊ ತೆಗೆಯುವ ದಿನ ಇಬ್ಬರಿಗೂ ಒಂದೇ ಬೂದು ಅಂಗಿ ಹಾಕಿಸಿದರು. ಒಂದೇ ಕ್ಲಿಪ್ಪನ್ನು ಇವಳ ತಲೆಯಿಂದ ತೆಗೆದು ಅವಳ ತಲೆಗೆ ಸಿಕ್ಕಿಸಿದರು. ಒಂದೇ ಸ್ಟೂಲು, ಒಂದೇ ದೀಪ. ದೊಡ್ಡವಳು ಮಾತ್ರೆ ನುಂಗಲಿಲ್ಲ, ಸರಿ. ಚಿಕ್ಕವಳೂ ನುಂಗಲಿಲ್ಲ. ನುಂಗೋಣವೆಂದರೆ ಮಾತ್ರೆಯೇ ಇನ್ನೂ ತಯಾರಾಗಿರಲಿಲ್ಲ! ಮೊದಲು ಹುಟ್ಟಿದ್ದು ಡಬ್ಬಿ.

"ಇದು ಸುಳ್ಳಲ್ವೇನೇ?" ಎಂದು ದೊಡ್ಡವಳು ತಂಗಿಯನ್ನು ಕೇಳಿದ್ದಳು.

"ಯಾರಿಗೆ ಏನು ನಷ್ಟ ಅಕ್ಕ? ಗುಬ್ಬೀನ ಓದಿಸ್ಬೇಕು. ನನಗಿರೋಳು ಅವಳೊಬ್ಬಳು," ಎಂದು ಚಿಕ್ಕವಳು ಕಣ್ಣಲ್ಲಿ ನೀರು ತುಂಬಿಕೊಂಡಳು. ಗಂಡ ತೀರಿಕೊಂಡು ಆಗಿನ್ನೂ ವರ್ಷವಾಗಿರಲಿಲ್ಲ. ಗುಬ್ಬಿ ಎಂದು ಎಲ್ಲರೂ ಕರೆಯುತ್ತಿದ್ದ ಹುಡುಗಿಗೆ ಆಗ ಮುಂದಿನ ಹಲ್ಲು ಬಿದ್ದಿತ್ತು. ದೊಡ್ಡವಳಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ತಂಗಿಯ ಕಣ್ಣೀರಿನ ಮುಂದೆ ಅವಳು ಯಾವತ್ತೂ ನಿಂತವಳಲ್ಲ.

ಡಬ್ಬಿಯವನ ಷರತ್ತು ಒಂದೇ. ಅಕ್ಕತಂಗಿಯರು ಇನ್ನು ಮೇಲೆ ನಾಲ್ಕು ಜನರ ಮುಂದೆ ಒಟ್ಟಿಗೆ ಕಾಣಿಸಿಕೊಳ್ಳಬಾರದು.

ಕೇಳುವಾಗ ಏನೂ ಅಲ್ಲ ಎನ್ನಿಸಿತು. ಆದರೆ ಮಾತ್ರೆ ಬಂತು, ಓಡಿತು, ಬೀದಿ ಬೀದಿಗೂ ಬೋರ್ಡು ಎದ್ದಿತು. ಚಿಕ್ಕವಳು ಕನ್ನಡಕದ ಅಂಗಡಿ ಬಿಟ್ಟು ಹೋಟೆಲುಗಳ ಸಭಾಂಗಣಗಳಲ್ಲಿ ಹೆಂಗಸರೆದುರು ನಿಂತು "ನಾನೂ ಒಂದು ಕಾಲದಲ್ಲಿ ಕನ್ನಡಿ ನೋಡ್ಕೊಂಡು ಅಳ್ತಿದ್ದೆ" ಎಂದು ಹೇಳಲು ಕಲಿತಳು. ಚೆನ್ನಾಗಿಯೇ ಕಲಿತಳು; ಹೇಳುವಾಗ ಗಂಟಲು ಕಟ್ಟುತ್ತಿತ್ತು. ಊರಿನ ಆ ತುದಿಗೆ ಮನೆ ಮಾಡಿದಳು, ದೊಡ್ಡವಳು ಈ ತುದಿಯಲ್ಲೇ ಉಳಿದಳು. ಒಟ್ಟಿಗೆ ಅಂಗಡಿಗೆ ಹೋಗುವುದು ನಿಂತಿತು. ಸಿನಿಮಾ ನಿಂತಿತು. ತಾಯಿ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾಗ ಚಿಕ್ಕವಳು ಬೆಳಿಗ್ಗೆ ಬಂದು ಹೋದಳು, ದೊಡ್ಡವಳು ಸಂಜೆ. ಮುದುಕಿ ಇಬ್ಬರನ್ನೂ ಕೇಳಿದ್ದು ಒಂದೇ ಮಾತು, "ಇನ್ನೊಬ್ಬಳು ಎಲ್ಲಿ?"

ಚಿಕ್ಕವಳು ಊರೂರು ತಿರುಗುವಾಗ ಗುಬ್ಬಿಯನ್ನು ಸಾಕಿದವಳು ದೊಡ್ಡವಳು. ಶಾಲೆ ಬಿಟ್ಟ ಹುಡುಗಿ ಲಾಂಡ್ರಿಯ ಬಟ್ಟೆಯ ಗಂಟುಗಳ ಮೇಲೆ ಕೂತು ಪಾಠ ಓದುತ್ತಿತ್ತು, ಅಲ್ಲೇ ನಿದ್ದೆ ಹೋಗುತ್ತಿತ್ತು. ಜ್ವರ ಬಂದರೆ ದೊಡ್ಡಮ್ಮನ ಮಗ್ಗುಲೇ ಬೇಕು. ಹೇನು ಹೆಕ್ಕಿದ್ದು, ಜಡೆ ಹಾಕಿದ್ದು, ಮೊದಲ ಸಲ ಮುಟ್ಟಾದಾಗ ಹೆದರಿ ಅತ್ತವಳನ್ನು ಕೂರಿಸಿಕೊಂಡು ವಿವರಿಸಿ ಹೇಳಿದ್ದು, ಎಲ್ಲ ದೊಡ್ಡವಳೇ. ಕಾಲೇಜು ಸೇರಿದ ಮೇಲೆ ಹುಡುಗಿ ಅಮ್ಮನ ಮನೆಗೆ ಹೋದಳು. ಅಲ್ಲಿ ಅವಳಿಗೆಂದೇ ಬೇರೆ ಕೋಣೆಯಿತ್ತು.

ನಡುವೆ ಒಮ್ಮೆ ದೊಡ್ಡವಳು ಚರ್ಮದ ಡಾಕ್ಟರ ಹತ್ತಿರ ಹೋಗಿದ್ದಳು. ಅವರು ನೋಡಿ, "ಶಾಖಕ್ಕೆ ಬಂದಿರೋದು. ಈ ಮುಲಾಮು ಹಚ್ಚಿ, ಹಬೆಯ ಹತ್ತಿರ ಹೋಗೋದು ಕಡಿಮೆ ಮಾಡಿ, ಪೂರ್ತಿ ಹೋಗದಿದ್ರೂ ತಿಳಿಯಾಗುತ್ತೆ," ಎಂದರು. ಇಪ್ಪತ್ತು ದಿನ ಹಚ್ಚಿದಳು, ನಿಜಕ್ಕೂ ತಿಳಿಯಾಯಿತು. ಅಷ್ಟರಲ್ಲಿ ಚಿಕ್ಕವಳು ಫೋನು ಮಾಡಿದಳು.

"ಅಕ್ಕ, ಹೊಸ ಡಬ್ಬಿ ಬರ್ತಿದೆ. ಹೊಸ ಫೋಟೊ ಬೇಕಂತೆ. ಅದೊಂದು ಮುಗೀಲಿ, ಆಮೇಲೆ ಹಚ್ಕೋ. ನಿನ್ನ ದಮ್ಮಯ್ಯ."

ದೊಡ್ಡವಳು ಮುಲಾಮು ಎತ್ತಿಟ್ಟಳು. ಫೋಟೊ ಆಯಿತು. ಮುಂದಿನ ವರ್ಷ ಪುಡಿ ಬಂತು, ನೀರಿಗೆ ಹಾಕಿ ಕುಡಿಯುವಂಥದ್ದು. ಅದಕ್ಕೆ ಬೇರೆ ಡಬ್ಬಿ, ಬೇರೆ ಫೋಟೊ. ಆಮೇಲೆ ಚೀಪುವ ಮಿಠಾಯಿಯಂಥದ್ದು. ಮುಲಾಮು ಟ್ಯೂಬಿನಲ್ಲೇ ಒಣಗಿತು. ಜನ ಮುಖದ ಕಲೆ ಹೋಗಲೆಂದು ಹಣ ಚೆಲ್ಲುತ್ತಿದ್ದಾಗ ಇವಳೊಬ್ಬಳು ಹೋಗದಿರಲೆಂದು ಕಾಯುತ್ತಿದ್ದಳು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಮೇಕೆಯೇ ಮುಖ ಒಡ್ಡಿಕೊಂಡು ನಿಂತಿತ್ತು, ಅಷ್ಟೇ ವ್ಯತ್ಯಾಸ.

ಮದುವೆಗೆ ಒಂದು ತಿಂಗಳಿರುವಾಗ ಗುಬ್ಬಿ ದೊಡ್ಡಮ್ಮನ ಕೋಣೆಗೆ ಬಂದಳು. ಮಂಚದ ತುದಿಯಲ್ಲಿ ಕೂತು ಉಗುರು ಕಚ್ಚಿದಳು.

"ದೊಡ್ಡಮ್ಮ, ಹೇಗೆ ಹೇಳೋದು ಗೊತ್ತಾಗ್ತಿಲ್ಲ."

"ಬಾಯಲ್ಲೇ ಹೇಳು."

"ಹುಡುಗನ ಅಮ್ಮ ಇದಾರಲ್ಲ, ಈ ಮಾತ್ರೆ ಮಾರೋ ಹೆಂಗಸರಿಗೆಲ್ಲ ಅವರೇ ಮುಖ್ಯಸ್ಥೆ. ಅಮ್ಮನ್ನ ಒಂದು ಸಭೇಲಿ ನೋಡಿ ಮೆಚ್ಚಿಕೊಂಡೇ ಈ ಸಂಬಂಧ ಕೇಳಿದ್ದು. ಮದುವೆಗೂ ಬರೋರೆಲ್ಲ ಮಾತ್ರೆಯವರೇ. ನೀನು ಬಂದು ಅಮ್ಮನ ಪಕ್ಕ ನಿಂತ್ರೆ…"

"ಪಕ್ಕ ಯಾಕೆ ನಿಲ್ಲಲಿ? ಹಿಂದಿನ ಸಾಲಲ್ಲಿ ಕೂತಿರ್ತೀನಿ. ತಲೆ ಮೇಲೆ ಬಟ್ಟೆ ಎಳ್ಕೋತೀನಿ."

"ಗುರುತು ಹಿಡೀತಾರೆ ದೊಡ್ಡಮ್ಮ. ಅವರಿಗೆ ಮುಖ ನೋಡೋದೇ ಕೆಲಸ."

ದೊಡ್ಡವಳಿಗೆ ಬೇಕಾಗಿದ್ದದ್ದು ಅಕ್ಷತೆಯೂ ಅಲ್ಲ, ಊಟವೂ ಅಲ್ಲ. ಮದುವೆಯಲ್ಲಿ ಯಾರಾದರೂ "ಇವರು ಯಾರು?" ಎಂದು ಕೇಳಬೇಕು, ಯಾರಾದರೂ "ಇವರು ಹುಡುಗಿಯ ದೊಡ್ಡಮ್ಮ" ಎನ್ನಬೇಕು. ಇಷ್ಟು ಸಣ್ಣ ಆಸೆ. ಮದುವೆ ಮನೆಯಲ್ಲಿ ಕುರ್ಚಿ ಜೋಡಿಸುವವನಿಗೂ ಸಿಗುವ ಮರ್ಯಾದೆ ಅದು.

"ಹೋಗ್ಲಿ, ನಿನ್ನ ಬಟ್ಟೆನಾದ್ರೂ ನಾನೇ ಇಸ್ತ್ರಿ ಮಾಡ್ತೀನಿ," ಎಂದಳು ಕೊನೆಗೆ. "ಹಿಂದಿನ ಬಾಗಿಲಲ್ಲಿ ಬಂದು ಕೊಟ್ಟು, ನಿನ್ನ ಒಂದು ಸಲ ನೋಡಿ ಹೋಗ್ತೀನಿ."

ಗುಬ್ಬಿ ಅವಳನ್ನು ತಬ್ಬಿಕೊಂಡಳು. "ಮದುವೆ ಮುಗಿದ ಮೇಲೆ ನಾವಿಬ್ರೂ ಇಲ್ಲಿಗೇ ಬರ್ತೀವಿ, ಪ್ರಾಮಿಸ್," ಎಂದಳು. ಮಾತಿಗೇನು, ಅದಕ್ಕೆ ಇಸ್ತ್ರಿ ಬೇಕೇ?

ಮದುವೆ ಮಂಟಪದ ಹಿಂದಿನ ಬಾಗಿಲು ಪಾತ್ರೆ ತೊಳೆಯುವ ಕಡೆಗೆ ತೆರೆದಿತ್ತು. ಕಾವಲಿನವನು ಚೀಲ ನೋಡಿ "ಇಸ್ತ್ರಿಯವಳಾ? ಎರಡನೇ ಕೋಣೆ," ಎಂದು ಬಿಟ್ಟ. ಅಲಂಕಾರದ ಕೋಣೆಯಲ್ಲಿ ಗೋಡೆಯುದ್ದಕ್ಕೆ ಕನ್ನಡಿ, ಸುತ್ತ ಬಲ್ಬುಗಳು, ಮೇಜಿನ ಮೇಲೆ ಹತ್ತಾರು ಬ್ರಷ್ಷು. ಮೇಕಪ್ಪಿನವಳು ಕಾಫಿಗೆ ಹೋಗಿದ್ದಳು. ಗುಬ್ಬಿ ಒಬ್ಬಳೇ ಇದ್ದಳು, ಮುಖ ಪೂರ್ತಿ ಸಿದ್ಧವಾಗಿತ್ತು. ದೊಡ್ಡವಳು ಬಾಗಿಲಲ್ಲೇ ನಿಂತು ನೋಡಿದಳು.

ಬಟ್ಟೆ ತೊಡಿಸಿದಳು. ಬೆನ್ನಿನ ಸಣ್ಣ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಬಸ್ಸಿನಲ್ಲಿ ಬರುವಾಗ ಅಂಚಿನಲ್ಲಿ ಒಂದು ಸುಕ್ಕು ಬಿದ್ದಿತ್ತು. ಮಂಡಿಯೂರಿ, ಒದ್ದೆ ಕೈಯಲ್ಲಿ ತೀಡಿ ತೀಡಿ ಅದನ್ನು ಬಿಡಿಸಿದಳು.

"ಆಯ್ತು. ನಾನಿನ್ನು ಹೊರಡ್ತೀನಿ."

"ಇನ್ನೈದು ನಿಮಿಷ ಇರು ದೊಡ್ಡಮ್ಮ. ಅಮ್ಮ ಮುಂಬಾಗಿಲಲ್ಲಿ ಇದಾಳೆ, ಬಂದೋರನ್ನ ಮಾತಾಡಿಸ್ತಿದಾಳೆ. ಯಾರೂ ಈ ಕಡೆ ಬರಲ್ಲ."

ಹಾಗೆಂದಳೋ ಇಲ್ಲವೋ ಬಾಗಿಲು ತೆರೆಯಿತು. ಬಂದವಳು ಬೀಗಿತ್ತಿ, ಗುಬ್ಬಿಯ ಅತ್ತೆಯಾಗುವವಳು; ಡಬ್ಬಿಗಳ ಜೊತೆ ಹಿಂದಿನ ಬಾಗಿಲಿನಿಂದಲೇ ಬಂದಿದ್ದಳು, ಮುಂಬಾಗಿಲ ಕಡೆ ಇನ್ನೂ ಹೋಗಿರಲಿಲ್ಲ. ದೊಡ್ಡ ಆಳು, ದೊಡ್ಡ ಧ್ವನಿ. ಅತಿಥಿಗಳಿಗೆ ಉಡುಗೊರೆಯಾಗಿ ಹಂಚಲು ತರಿಸಿದ್ದ ಮಾತ್ರೆಯ ಡಬ್ಬಿಗಳಲ್ಲಿ ನಾಲ್ಕು ಅವಳ ತೋಳಿನಲ್ಲಿದ್ದವು. ಅವಳೂ ಈ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿದ್ದಳು. ಮುಖ ಇದ್ದ ಹಾಗೇ ಇತ್ತು. "ನುಂಗದಿದ್ರೆ ಇನ್ನೂ ಕೆಡ್ತಿತ್ತು," ಎನ್ನುವುದು ಅವಳ ವಾದ. ಇಂಥ ನಂಬಿಕೆಯ ಮುಂದೆ ಯಾವ ಡಾಕ್ಟರು ತಾನೇ ನಿಲ್ಲಬಲ್ಲ!

ಅವಳು ದೊಡ್ಡವಳ ಮುಖ ನೋಡಿದಳು. ಸರಕ್ಕನೆ ಬಾಗಿಲು ಹಾಕಿ ಚಿಲಕ ಇಟ್ಟಳು.

"ಬೀಗಿತ್ತೀ! ಏನ್ರೀ ಇದು ನಿಮ್ಮ ಅವಸ್ಥೆ?"

ಡಬ್ಬಿಗಳನ್ನು ಮೇಜಿನ ಮೇಲೆ ಹಾಕಿ ಹತ್ತಿರ ಬಂದಳು.

"ಹದಿನೈದು ದಿನದ ಹಿಂದೆ ನೋಡಿದಾಗ ಹೂವಿನ ಥರ ಇದ್ರಿ! ಮಾತ್ರೆ ಬಿಟ್ರಾ? ಮಗಳ ಮದುವೆ ಓಡಾಟದಲ್ಲಿ ಬಿಟ್ರಿ ತಾನೇ? ಮೈಮೇಲೆ ಇದೇನು ಬಟ್ಟೆ, ಕೆಲಸದೋರ ಥರ. ಹೊರಗೆ ಮುನ್ನೂರು ಜನ ನಿಮ್ಮ ಮುಖ ನೋಡೋಕೆ ಅಂತ ಕೂತಿದಾರೆ!"

ದೊಡ್ಡವಳು ಗುಬ್ಬಿಯ ಕಡೆ ನೋಡಿದಳು. ನೀನೇ ಹೇಳು ಮಗಳೇ, ಹೇಳು ಎಂದು ಕಣ್ಣಲ್ಲೇ ಕೇಳಿದಳು. ಗುಬ್ಬಿಯ ತುಟಿ ಒಮ್ಮೆ ಅಲುಗಿತು.

"ಅಮ್ಮ," ಎಂದಳು ಗುಬ್ಬಿ, ದೊಡ್ಡವಳ ಮೊಣಕೈ ಹಿಡಿದು. "ಮೇಕಪ್ಪಿನವಳು ಬರೋವರೆಗೂ ಹೊರಗೆ ಬರಬೇಡ ಅಂತ ಹೇಳಿರ್ಲಿಲ್ವಾಮ್ಮ ನಾನು?"

ಅಮ್ಮ. ಜ್ವರದಲ್ಲಿ ಕನವರಿಸುವಾಗಲೂ ಆ ಹುಡುಗಿ ಅವಳನ್ನು ಹಾಗೆ ಕರೆದಿರಲಿಲ್ಲ. ಕರೆಯಲಿ ಎಂದು ದೊಡ್ಡವಳು ಬಾಯಿಬಿಟ್ಟು ಕೇಳಿರಲೂ ಇಲ್ಲ. ತಂಗಿಯ ಪಾಲಿನದನ್ನು ತಾನು ಬಯಸಬಾರದೆಂದು ನಾಲಗೆ ಕಚ್ಚಿಕೊಂಡಿದ್ದಳು. ಇವತ್ತು ಕೇಳದೆಯೇ ಸಿಕ್ಕಿತು, ಅವಳನ್ನೇ ಮುಚ್ಚಿಹಾಕುವುದಕ್ಕೆ ಸಿಕ್ಕಿತು. ಆದರೂ, ನಾಚಿಕೆ ಬಿಟ್ಟು ಹೇಳಬೇಕೆಂದರೆ, ಕಿವಿಗೆ ಹಿತವಾಯಿತು.

"ಹೌದು, ಬಿಟ್ಬಿಟ್ಟೆ," ಎಂದಳು ದೊಡ್ಡವಳು. "ನನ್ನದೇ ತಪ್ಪು."

ಬೀಗಿತ್ತಿ ಕರಗಿದಳು. ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಒಂದು ಡಬ್ಬಿ ಒಡೆದು, ಎರಡು ಮಾತ್ರೆ ಕೈಗೆ ಹಾಕಿದಳು. "ಮೊದಲು ಇದನ್ನ ನುಂಗಿ. ಪಾಪ, ನಿಮ್ಮನ್ನ ನೋಡ್ಕೊಳ್ಳೋರಾದ್ರೂ ಯಾರಿದಾರೆ ಹೇಳಿ. ಈ ಹುಡುಗಿ ಎಲ್ಲಾ ಹೇಳಿದಾಳೆ ನನಗೆ. ಗಂಡ ಹೋದ ಮೇಲೆ ಹಿಂದಿಲ್ಲ, ಮುಂದಿಲ್ಲ. ಒಡಹುಟ್ಟಿದೋರು ಅಂತ ಒಬ್ಬರಿಲ್ಲ. ಜ್ವರ ಬಂದಾಗ ಮಗೂನ ಮಗ್ಗುಲಲ್ಲಿ ಮಲಗಿಸ್ಕೊಂಡು, ಒಬ್ಬರೇ ಸಾಕಿದೀರಿ. ನನಗೆ ಕಣ್ಣೀರೇ ಬಂದ್ಬಿಡ್ತು."

ದೊಡ್ಡವಳು ಕೈಯಲ್ಲಿದ್ದ ಮಾತ್ರೆ ನೋಡಿದಳು, ಆಮೇಲೆ ಗುಬ್ಬಿಯನ್ನು ನೋಡಿದಳು. ಗುಬ್ಬಿ ತನ್ನ ಬಟ್ಟೆಯ ಅಂಚು ನೋಡುತ್ತಿದ್ದಳು. ಅಮ್ಮನಿಗೆ ಅಕ್ಕ ಇಲ್ಲ ಎಂದಷ್ಟೇ ಹೇಳಿದ್ದರೆ ದೊಡ್ಡವಳು ಸಹಿಸುತ್ತಿದ್ದಳೋ ಏನೋ. ಆದರೆ ಅವಳ ಮಗ್ಗುಲು, ಅವಳು ನಿದ್ದೆಗೆಟ್ಟ ಜ್ವರ, ಅದನ್ನೂ ಕಿತ್ತು ಇನ್ನೊಬ್ಬಳ ಹೆಸರಿಗೆ ಹಚ್ಚಿದ್ದರು. ಮುಖ ತೆಗೆದುಕೊಂಡಿದ್ದು ಸಾಲದಾಯಿತೇ ಇವರಿಗೆ?

"ಒಡಹುಟ್ಟಿದವಳು ಇದಾಳೆ," ಎಂದಳು. "ನಾನೇ ಅವಳು. ನಾನು ಇವಳ ಅಮ್ಮ ಅಲ್ಲ. ಇವಳಮ್ಮನ ಅಕ್ಕ. ನಾವು ಅವಳಿಜವಳಿ."

ಬೀಗಿತ್ತಿ ಡಬ್ಬಿ ಎತ್ತಿ ನೋಡಿದಳು. ಎಡಗಡೆಯ ಮುಖದ ಮೇಲೆ ಬೆರಳಿಟ್ಟಳು. "ಇದು…"

"ನಾನು."

"ಇದು?"

"ನನ್ನ ತಂಗಿ. ಯಾವತ್ತೂ ಅವಳ ಮುಖದಲ್ಲಿ ಬಂಗು ಇರಲೇ ಇಲ್ಲ."

ಗುಬ್ಬಿ ಅಳತೊಡಗಿದಳು. ಕಣ್ಣಿನ ಕಪ್ಪು ಕೆನ್ನೆಗಿಳಿಯಿತು. "ಕ್ಷಮಿಸಿ ಅತ್ತೆ, ಕ್ಷಮಿಸಿ," ಎನ್ನುತ್ತಿದ್ದಳು. ಆ ಅಳು ಕೇಳಿ ದೊಡ್ಡವಳ ಜೀವ ಬಾಯಿಗೆ ಬಂತು. ಆಡಿದ ಮಾತು, ಒಡೆದ ಮುತ್ತು. ಸಾಕಿದ ಕೈಯಿಂದಲೇ ಹುಡುಗಿಯ ಬಾಳಿಗೆ ಕಲ್ಲು ಹಾಕಿದೆನಲ್ಲ ಎಂದುಕೊಂಡಳು.

ಬೀಗಿತ್ತಿ ಡಬ್ಬಿಯನ್ನು ದೊಡ್ಡವಳ ಮುಖದ ಪಕ್ಕ ಹಿಡಿದು ನೋಡಿದಳು. ಆಮೇಲೆ ತೊಡೆ ತಟ್ಟಿಕೊಂಡು ನಕ್ಕಳು.

"ಹುಚ್ಚರು ಕಣ್ರೀ ನೀವೆಲ್ಲ! ಇಂಥ ಸಾಕ್ಷೀನ ಇಷ್ಟು ವರ್ಷ ಮುಚ್ಚಿಟ್ಟಿದೀರಲ್ಲ! ಒಂದೇ ಹೊಟ್ಟೆ, ಒಂದೇ ದಿನ, ಒಂದೇ ರಕ್ತ. ಒಬ್ಬರು ಮಾತ್ರೆ ತಗೊಂಡ್ರು, ಒಬ್ಬರು ತಗೊಳ್ಳಲಿಲ್ಲ. ಇನ್ನೇನ್ರೀ ಬೇಕು ಜನಕ್ಕೆ? ಹೇಳೀ ಹೇಳೀ ನನ್ನ ಗಂಟಲು ಹರಿದುಹೋಯ್ತು!"

"ಅವಳೂ ತಗೊಂಡಿಲ್ಲ," ಎಂದಳು ದೊಡ್ಡವಳು. "ಫೋಟೊ ತೆಗೆದಾಗ ಮಾತ್ರೆನೇ ಇರಲಿಲ್ಲ. ನನಗೆ ಇಸ್ತ್ರಿ ಶಾಖಕ್ಕೆ ಬಂದಿರೋದು ಇದು."

ಬೀಗಿತ್ತಿ ಅವಳ ಭುಜ ತಟ್ಟಿದಳು. "ಇರಲಿ ಬಿಡಿ. ಅಕ್ಕತಂಗೀರ ಮಧ್ಯೆ ಇಂಥ ಮಾತೆಲ್ಲ ಇದ್ದಿದ್ದೇ. ತಂಗಿ ಮುಂದೆ ಬಂದ್ಲು, ನಿಮಗೆ ನೋವಾಗಿರುತ್ತೆ, ನನಗರ್ಥ ಆಗುತ್ತೆ. ಬನ್ನಿ."

ಕೈ ಹಿಡಿದು ಎಳೆದುಕೊಂಡೇ ಹೊರಟಳು. ಗುಬ್ಬಿ ಕಣ್ಣೊರೆಸಿಕೊಂಡು ಹಿಂದೆ ಓಡಿದಳು.

ಮಂಟಪದ ಒಂದೊಂದು ಕುರ್ಚಿಯ ಮೇಲೂ ಒಂದೊಂದು ಡಬ್ಬಿ ಇಟ್ಟಿದ್ದರು; ಬಂದವರು ಅದನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ವೇದಿಕೆಯ ಮೇಲೆ ಚಿಕ್ಕವಳು ಡಬ್ಬಿಯವನ ಜೊತೆ ಮಾತಾಡುತ್ತಿದ್ದವಳು ತಿರುಗಿ ನೋಡಿದಳು. ಅಕ್ಕನನ್ನು ಕಂಡೊಡನೆ ಅವಳ ಮುಖ ಸುಣ್ಣವಾಯಿತು. ಡಬ್ಬಿಯವನು ಒಂದು ಹೆಜ್ಜೆ ಹಿಂದೆ ಸರಿದ. ಬೀಗಿತ್ತಿ ಮೈಕು ಹಿಡಿದು ಒಂದೇ ಉಸಿರಿಗೆ ಎಲ್ಲ ಹೇಳಿದಳು, ತನಗೆ ಬೇಕಾದ ಹಾಗೆ ಹೇಳಿದಳು. ಇವರು ನಮ್ಮ ಬೀಗಿತ್ತಿಯ ಅವಳಿ ಅಕ್ಕ, ಮಾತ್ರೆಯ ಮೇಲೆ ನಂಬಿಕೆ ಇಲ್ಲದವರು, ನೀವೇ ಕಣ್ಣಾರೆ ನೋಡಿ. ಜನ ಎದ್ದು ನಿಂತರು. ಡಬ್ಬಿಯನ್ನು ಎತ್ತಿ ಹಿಡಿದು ಆ ಮುಖ ಈ ಮುಖ ಹೋಲಿಸಿದರು. ಆಮೇಲೆ ಚಪ್ಪಾಳೆ ಬಿತ್ತು, ಮದುಮಕ್ಕಳಿಗೂ ಬೀಳದಷ್ಟು ಜೋರಾಗಿ.

ಚಿಕ್ಕವಳು ಚಪ್ಪಾಳೆ ಕೇಳಿದಳು. ಡಬ್ಬಿಯವನ ಮುಖ ನೋಡಿದಳು. ಅವನು ಹಣೆ ಚಚ್ಚಿಕೊಂಡು ನಗುತ್ತಿದ್ದ. "ಇದು ಮೊದಲೇ ಹೊಳೀಲಿಲ್ವಲ್ರೀ ನಮಗೆ!" ಎಂದ. ಅವಳಿಗೂ ನಗು ಬಂತು. ಓಡಿ ಬಂದು ಅಕ್ಕನನ್ನು ತಬ್ಬಿಕೊಂಡಳು.

ಆ ಅಪ್ಪುಗೆಯಲ್ಲಿ ನಿಂತು ದೊಡ್ಡವಳಿಗೆ ಅರ್ಥವಾದದ್ದು ಒಂದೇ. ಬಚ್ಚಿಡುವ ಅಗತ್ಯವೇ ಇರಲಿಲ್ಲ. ನಿಜ ಹೇಳಿದ್ದರೂ ಮಾತ್ರೆ ಮಾರಾಟವಾಗುತ್ತಿತ್ತು, ಇನ್ನೂ ಚೆನ್ನಾಗಿ ಆಗುತ್ತಿತ್ತು. ತಾಯಿಯ ಹಾಸಿಗೆಯ ಪಕ್ಕ ಇಬ್ಬರೂ ಒಟ್ಟಿಗೆ ಕೂರಬಹುದಿತ್ತು. ಅಷ್ಟು ವರ್ಷ ಕಳೆದದ್ದು ಯಾವ ಪುರುಷಾರ್ಥಕ್ಕೂ ಅಲ್ಲ. ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಬೀಗಿತ್ತಿಯ ಕೈಯಿಂದ ಮೈಕು ಕಿತ್ತುಕೊಂಡಳು.

"ಇವಳು ಒಂದು ಮಾತ್ರೆನೂ ನುಂಗಿ ಫೋಟೊ ತೆಗೆಸ್ಕೊಂಡವಳಲ್ಲ! ಹುಟ್ಟಿದಾಗಿಂದ ಇವಳ ಮುಖ ಹೀಗೇ ಇರೋದು!"

ಮುಂದಿನ ಸಾಲಿನಲ್ಲಿ ಒಬ್ಬಳು ಪಕ್ಕದವಳಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಪಾಪ, ಹೊಟ್ಟೆಕಿಚ್ಚು ಇರಲ್ವಾ?" ಸಭೆಗೆ ಸಭೆಯೇ ನಕ್ಕಿತು. ಕೆಟ್ಟ ನಗುವೇನಲ್ಲ, ಮನೆಯ ಹಿರಿಯರ ಮುಂಗೋಪಕ್ಕೆ ನಗುತ್ತಾರಲ್ಲ, ಅಂಥದ್ದು. ಬೀಗಿತ್ತಿ ಮೆತ್ತಗೆ ಮೈಕು ವಾಪಸು ತೆಗೆದುಕೊಂಡಳು.

"ಫೋಟೊ, ಫೋಟೊ!" ಎಂದ ಡಬ್ಬಿಯವನು. ಫೋಟೊದವನು ಬಂದು ಇಬ್ಬರನ್ನೂ ನಿಲ್ಲಿಸಿದ. "ಅಕ್ಕ ಎಡಗಡೆ, ತಂಗಿ ಬಲಗಡೆ. ಮದುಮಗಳು ಸ್ವಲ್ಪ ಕೆಳಗಿಳೀರಿ, ಬೆಳಕಿಗೆ ಅಡ್ಡ ಬರ್ತಿದೀರ."

ಗುಬ್ಬಿ ಅಂಚು ಎತ್ತಿ ಹಿಡಿದು ಕೆಳಗಿಳಿದಳು. ಅತ್ತೆ ಅವಳ ಹೆಗಲ ಮೇಲೆ ಕೈ ಹಾಕಿದಳು. ಮದುವೆ ಉಳಿಯಿತು, ಎಲ್ಲ ಉಳಿಯಿತು. ಹುಡುಗಿಯ ಮುಖದಲ್ಲಿ ನೆಮ್ಮದಿ ಉಕ್ಕುತ್ತಿತ್ತು. ಕೆಳಗೆ ಒಬ್ಬ ಮುದುಕ ಬೀಗಿತ್ತಿಯನ್ನು "ಆ ಕಲೆಯ ಹೆಂಗಸು ಯಾರು?" ಎಂದು ಕೇಳಿದ. "ನಮ್ಮ ಹುಡುಗಿಯ ದೊಡ್ಡಮ್ಮ," ಎಂದಳು ಬೀಗಿತ್ತಿ, ಹೆಮ್ಮೆಯಿಂದ.

ಚಿಕ್ಕವಳು ಅಕ್ಕನ ಸೊಂಟ ಬಳಸಿ ಹಿಡಿದಳು. ಬೋರ್ಡಿನ ಮೇಲಿನ ನಗುವನ್ನೇ ತುಟಿಯ ಮೇಲಿಟ್ಟುಕೊಂಡು, ತುಟಿ ಅಲುಗಿಸದೆ, ಕಿವಿಯಲ್ಲಿ ಹೇಳಿದಳು.

"ಬೆಳಕಿನ ಕಡೆ ಕೆನ್ನೆ ಕೊಡು ಅಕ್ಕ. ನಗಬೇಡ. ನೀನು ನಕ್ರೆ ಬಂಗು ಅಷ್ಟು ಕಾಣಿಸಲ್ಲ."

ದೊಡ್ಡವಳು ನಗಲಿಲ್ಲ. ಫೋಟೊ ತುಂಬ ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಹೇಳಿದರು.